ಟೆಂಡರ್ ಪ್ರಕಟಣೆ: ಹಾಕಿದ್ದು ಎಲ್ಲಿ, ಕಂಡದ್ದು ಯಾರಿಗೆ?

2025ರ ಮಾರ್ಚ್‌ನಲ್ಲಿ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ) ಕಾಯ್ದೆಯ ತಿದ್ದುಪಡಿ ಮಸೂದೆ ವಿಧಾನಮಂಡಲದಲ್ಲಿ ಅಂಗೀಕಾರವಾದಾಗ ಗದ್ದಲವೆಲ್ಲ ಮುಸ್ಲಿಮರಿರುವ ಪ್ರವರ್ಗ 2ಬಿಗೆ ನೀಡಿದ ಶೇ 4ರ ಮೀಸಲಾತಿಯ ಸುತ್ತಲೇ ನಡೆಯಿತು. 2 ಕೋಟಿ ರೂಪಾಯಿವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ ಯಾವ ವರ್ಗದ ಗುತ್ತಿಗೆದಾರರಿಗೆ ಎಷ್ಟು ಪಾಲು ಎಂಬುದಷ್ಟೇ ಚರ್ಚೆಯಾಯಿತು. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿದ ಮೇಲೆ ಅದು ಸಂವಿಧಾನದ ಪ್ರಶ್ನೆಯೂ ಆಯಿತು. ಇಂಥ ಸುದ್ದಿಗಳ ನಡುವೆ ‘ಕೆಪಿಪಿಪಿ’, ‘4(ಜಿ) ವಿನಾಯಿತಿ’, ‘ಅಲ್ಪಾವಧಿ ಟೆಂಡರ್’ ಎಂಬ ಮಾತುಗಳು ಬಂದು ಹೋಗುತ್ತಲೇ ಇರುತ್ತವೆ. ಹೆಚ್ಚಿನ ಓದುಗರಿಗೆ ಅವು ಕಚೇರಿಯ ಪರಿಭಾಷೆ, ಕಣ್ಣಾಡಿಸಿ ಮುಂದೆ ಹೋಗುವಂಥವು.

ಆದರೆ ಪಾಲು ಯಾರಿಗೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಕೆಲಸವೊಂದು ಇದೆ ಎಂಬ ಸಂಗತಿ ಯಾರಿಗೆ, ಎಲ್ಲಿ, ಯಾವಾಗ ಗೊತ್ತಾಗುತ್ತದೆ? ಮೀಸಲು ಕಾಮಗಾರಿಯ ಪ್ರಕಟಣೆ ಅರ್ಹ ಗುತ್ತಿಗೆದಾರನ ಕಣ್ಣಿಗೇ ಬೀಳದಿದ್ದರೆ ಆ ಮೀಸಲಾತಿ ಅವನ ಪಾಲಿಗೆ ಕಾಗದದ ಮೇಲಿನ ಅಂಕಿ. ಹಾಗೆಂದು ಎಲ್ಲ ಕಡೆ ಪ್ರಕಟಿಸಿದರೆ ಸಮಸ್ಯೆ ಮುಗಿಯಿತೆಂದಲ್ಲ. ಹತ್ತು ಕಡೆ ಹರಡಿದ ಪ್ರಕಟಣೆ ಕೆಲವೊಮ್ಮೆ ಒಂದು ಕಡೆ ಇದ್ದುದಕ್ಕಿಂತ ಹೆಚ್ಚು ಮರೆಯಾಗುತ್ತದೆ.

ಗೋಡೆಯ ಮೇಲೊಂದು ಟೆಂಡರ್

ಜಾಗದ ಆಯ್ಕೆ ಎಂಥ ಅಸ್ತ್ರವಾಗಬಲ್ಲದು ಎಂಬುದಕ್ಕೆ ಸ್ಲೊವಾಕಿಯಾದ ಪ್ರಕರಣಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ. 2007ರಲ್ಲಿ ಆ ದೇಶದ ನಿರ್ಮಾಣ ಮತ್ತು ಪ್ರಾದೇಶಿಕ ಅಭಿವೃದ್ಧಿ ಸಚಿವಾಲಯ ಐರೋಪ್ಯ ಒಕ್ಕೂಟದ ನೆರವಿನ ಹಣಕ್ಕೆ ಸಂಬಂಧಿಸಿ ಸುಮಾರು 12 ಕೋಟಿ ಯೂರೋ ಮೊತ್ತದ ಗುತ್ತಿಗೆಗೆ ಟೆಂಡರ್ ಕರೆಯಿತು. ಪ್ರಕಟಣೆಯನ್ನು ಅಂಟಿಸಿದ್ದು ಸಚಿವಾಲಯದ ಕಟ್ಟಡದೊಳಗಿನ ನೋಟಿಸ್ ಬೋರ್ಡಿಗೆ, ಸಾರ್ವಜನಿಕರು ಸುಲಭವಾಗಿ ಕಾಲಿಡಲಾಗದ ಕಾರಿಡಾರಿನಲ್ಲಿ. ಅದೂ ಕೆಲವೇ ದಿನಗಳ ಮಟ್ಟಿಗೆ. ಗುತ್ತಿಗೆ ಆಡಳಿತ ಮೈತ್ರಿಕೂಟದ ಪಕ್ಷವೊಂದಕ್ಕೆ ಹತ್ತಿರವೆನ್ನಲಾದ ಕಂಪನಿಗಳ ಕೂಟಕ್ಕೆ ಹೋಯಿತು. ಸಂಗತಿ ಹೊರಬಿದ್ದ ಮೇಲೆ 2009ರಲ್ಲಿ ಸಚಿವರು ಹುದ್ದೆ ಕಳೆದುಕೊಂಡರು. ಬಹಳ ವರ್ಷಗಳ ವಿಚಾರಣೆಯ ನಂತರ ಇಬ್ಬರು ಮಾಜಿ ಸಚಿವರಿಗೆ ಜೈಲು ಶಿಕ್ಷೆಯೂ ಆಯಿತು.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ‘ಪ್ರಕಟಣೆಯನ್ನೇ ಹೊರಡಿಸಲಿಲ್ಲ’ ಎಂದು ಸಚಿವಾಲಯದ ಮೇಲೆ ಯಾರೂ ಆರೋಪ ಹೊರಿಸುವಂತಿರಲಿಲ್ಲ. ಪ್ರಕಟಣೆ ಇತ್ತು, ದಿನಾಂಕ ಇತ್ತು, ಬೋರ್ಡೂ ಇತ್ತು. ನೋಡುವವರು ಮಾತ್ರ ಇರಲಿಲ್ಲ. ಕಡತದಲ್ಲಿ ‘ಪ್ರಕಟಿಸಲಾಗಿದೆ’ ಎಂದು ಬರೆಯಲು ಏನು ಸಾಕು ಎಂಬುದನ್ನು ನಿಯಮ ಸ್ಪಷ್ಟವಾಗಿ ಹೇಳದಿದ್ದರೆ, ಮುಚ್ಚಿಡುವ ಉದ್ದೇಶವಿರುವವನು ಕಾನೂನನ್ನು ಮುರಿಯಬೇಕಾಗಿಯೇ ಇಲ್ಲ. ಸರಿಯಾದ ಗೋಡೆಯನ್ನು ಹುಡುಕಿಕೊಂಡರೆ ಆಯಿತು.

ಭ್ರಷ್ಟಾಚಾರದ ಉದ್ದೇಶವೇ ಇಲ್ಲದ ಕಡೆಯೂ ಜಾಗ ಪರಿಣಾಮ ಬೀರುತ್ತದೆ. ಇಟಲಿಯಲ್ಲಿ 5 ಲಕ್ಷ ಯೂರೋಗಿಂತ ಕಡಿಮೆ ಮೊತ್ತದ ಕಾಮಗಾರಿಗೆ ಆಯಾ ಕಚೇರಿಯ ನೋಟಿಸ್ ಬೋರ್ಡ್ ಸಾಕಾಗಿದ್ದ ಕಾಲವಿತ್ತು. ಆ ಮಿತಿ ದಾಟಿದರೆ ಪ್ರಾದೇಶಿಕ ಗೆಜೆಟ್‌ನಂಥ ಕಡೆಯೂ ಪ್ರಕಟಿಸಬೇಕಿತ್ತು. ಮಿತಿಯ ಸ್ವಲ್ಪ ಕೆಳಗಿನ ಮತ್ತು ಸ್ವಲ್ಪ ಮೇಲಿನ ಕಾಮಗಾರಿಗಳು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದುದು ಮುಖ್ಯವಾಗಿ ಪ್ರಚಾರದಲ್ಲಿ. ಅರ್ಥಶಾಸ್ತ್ರಜ್ಞರು ಎರಡನ್ನೂ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಸರಳ: ಪ್ರಚಾರ ಹೆಚ್ಚಿದ ಕಡೆ ಬಿಡ್ ಸಲ್ಲಿಸುವವರು ಹೆಚ್ಚಿದರು, ಸರ್ಕಾರಕ್ಕೆ ಸಿಕ್ಕ ರಿಯಾಯಿತಿಯೂ ಹೆಚ್ಚಿತು.

ಬುಲೆಟಿನ್‌ನಿಂದ ಪೋರ್ಟಲ್‌ಗೆ

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಗೆ ಕಾನೂನು ತಂದ ಬೆನ್ನಲ್ಲೇ ನಮ್ಮಲ್ಲಿ 1999ರ ಕೆಟಿಪಿಪಿ ಕಾಯ್ದೆ ರೂಪುಗೊಂಡು 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕೇಂದ್ರದಲ್ಲಿ ಇಂದಿಗೂ ಇಂಥ ಕಾಯ್ದೆ ಇಲ್ಲ. 2012ರಲ್ಲಿ ಮಂಡಿಸಿದ ಸಾರ್ವಜನಿಕ ಖರೀದಿ ಮಸೂದೆ ಹದಿನೈದನೇ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕೇಂದ್ರ ಸರ್ಕಾರದ ಖರೀದಿಯೆಲ್ಲ ನಡೆಯುವುದು ಸಾಮಾನ್ಯ ಹಣಕಾಸು ನಿಯಮಗಳ ಮೇಲೆ. ಅವು ಸಂಸತ್ತು ಮಾಡಿದ ಕಾನೂನಲ್ಲ, ಹಣಕಾಸು ಸಚಿವಾಲಯದ ಸೂಚನೆಗಳು.

ಕೆಟಿಪಿಪಿ ಕಾಯ್ದೆ ಪ್ರಕಟಣೆಗೆ ಒಂದು ಅಧಿಕೃತ ಜಾಗವನ್ನು ಕಲ್ಪಿಸಿತ್ತು, ಅದೇ ಟೆಂಡರ್ ಬುಲೆಟಿನ್. ಇಡೀ ರಾಜ್ಯಕ್ಕೊಂದು, ಜಿಲ್ಲೆಗೊಂದು. ಟೆಂಡರ್ ಕರೆದ ಸಂಗತಿಯಷ್ಟೇ ಅಲ್ಲ, ಅದರ ಪರಿಶೀಲನೆ ಮತ್ತು ಅಂಗೀಕಾರದ ವಿವರವೂ ಅದರಲ್ಲಿ ಬರಬೇಕೆಂಬುದು ಕಲ್ಪನೆ. ಯಾರು ಕರೆದರು, ಯಾರಿಗೆ ಸಿಕ್ಕಿತು ಎಂಬ ಎರಡೂ ತುದಿಗಳು ಒಂದೇ ಕಡೆ ಕಾಣಬೇಕೆಂಬ ಈ ಯೋಚನೆ ಆ ಕಾಲಕ್ಕೆ ಮುಂದುವರಿದದ್ದೇ. ಆದರೆ ಬುಲೆಟಿನ್ ಅನ್ನು ಕೊಂಡು ಓದಿದವರು ಎಷ್ಟು ಜನ? ಗುತ್ತಿಗೆದಾರರು ನಂಬಿದ್ದು ದಿನಪತ್ರಿಕೆಯ ಜಾಹೀರಾತನ್ನು ಮತ್ತು ಇಲಾಖೆಯ ಗುಮಾಸ್ತರನ್ನು.

ಮುಂದೆ ರಾಜ್ಯ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಬಂತು. ಇತ್ತೀಚಿನ ವರ್ಷಗಳಲ್ಲಿ ಅದರ ಜಾಗಕ್ಕೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದರೆ ಕೆಪಿಪಿಪಿ ಬಂದಿದೆ. ಕೇಂದ್ರದ್ದೂ ಇದೇ ದಾರಿ. 2005ರ ಹಣಕಾಸು ನಿಯಮಗಳ ಪ್ರಕಾರ 25 ಲಕ್ಷ ರೂಪಾಯಿ ಮತ್ತು ಮೇಲಿನ ಖರೀದಿಗೆ ಕೋಲ್ಕತ್ತದಿಂದ ಹೊರಡುವ ‘ಇಂಡಿಯನ್ ಟ್ರೇಡ್ ಜರ್ನಲ್’ನಲ್ಲಿ ಮತ್ತು ಕನಿಷ್ಠ ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿ ಜಾಹೀರಾತು ಬರಬೇಕಿತ್ತು. 2017ರ ನಿಯಮಗಳು ಆ ಜಾಗದಲ್ಲಿ ಕೇಂದ್ರೀಯ ಸಾರ್ವಜನಿಕ ಖರೀದಿ ಪೋರ್ಟಲ್ ಅಂದರೆ ಸಿಪಿಪಿಪಿಯನ್ನು ಮತ್ತು ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಅನ್ನು ತಂದು ಕೂರಿಸಿದವು. ಪತ್ರಿಕೆಯ ಕಡ್ಡಾಯ ಸದ್ದಿಲ್ಲದೆ ಹೋಯಿತು. ಅಷ್ಟು ದೊಡ್ಡ ಬದಲಾವಣೆ ಆಗ ಪತ್ರಿಕೆಗಳಲ್ಲೇ ಹೆಚ್ಚು ಸುದ್ದಿಯಾಗಲಿಲ್ಲ ಎಂಬುದು ಒಂದು ತಮಾಷೆ.

ಪೀಣ್ಯದ ಕಾರ್ಖಾನೆ ಎಷ್ಟು ಕಡೆ ನೋಡಬೇಕು?

ಕಾಗದ ಹೋಗಿ ಪೋರ್ಟಲ್ ಬಂದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ ಎಂಬುದು ಸಹಜ ನಿರೀಕ್ಷೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಊಹಿಸಿಕೊಂಡರೆ ಆ ನಿರೀಕ್ಷೆ ಎಲ್ಲಿ ಎಡವುತ್ತದೆ ಎಂದು ತಿಳಿಯುತ್ತದೆ. ಬಿಡಬ್ಲ್ಯೂಎಸ್‌ಎಸ್‌ಬಿ, ಕೆಪಿಟಿಸಿಎಲ್‌ನಂಥ ರಾಜ್ಯದ ಸಂಸ್ಥೆಗಳು ಕೆಪಿಪಿಪಿಯಲ್ಲಿ. ರೈಲ್ವೆ ತನ್ನದೇ ಐಆರ್‌ಇಪಿಎಸ್‌ನಲ್ಲಿ. ರಕ್ಷಣಾ ಸಚಿವಾಲಯಕ್ಕೆ, ಇಸ್ರೊಗೆ ಅವುಗಳದೇ ಖರೀದಿ ಜಾಲತಾಣ. ಸಿದ್ಧ ಸಾಮಗ್ರಿಯಾದರೆ ಜೆಮ್. ಉಳಿದ ಕೇಂದ್ರ ಕಚೇರಿಗಳಿಗೆ ಸಿಪಿಪಿಪಿ. ಪ್ರತಿಯೊಂದಕ್ಕೂ ಬೇರೆ ನೋಂದಣಿ, ಬೇರೆ ಪಾಸ್‌ವರ್ಡ್, ಬೇರೆ ಹುಡುಕುವ ಕ್ರಮ. ಗ್ರಾಹಕರೆಲ್ಲ ಇರುವುದು ಇದೇ ಬೆಂಗಳೂರಿನಲ್ಲಿ, ಕೆಲವರು ಎರಡು ಕಿಲೊಮೀಟರ್ ದೂರದಲ್ಲಿ.

ದೊಡ್ಡ ಕಂಪನಿ ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿಕೊಳ್ಳುತ್ತದೆ. ಸಣ್ಣವರು ಚಂದಾ ಕಟ್ಟಿ ಖಾಸಗಿ ಮಾಹಿತಿ ಸಂಸ್ಥೆಗಳಿಂದ ದಿನಕ್ಕೊಂದು ಇಮೇಲ್ ತರಿಸಿಕೊಳ್ಳುತ್ತಾರೆ. ಉಚಿತವಾಗಿ ಪ್ರಕಟವಾಗುವ ಮಾಹಿತಿಯನ್ನು ಹುಡುಕಿಕೊಡುವುದೇ ಒಂದು ವ್ಯಾಪಾರವಾಗಿ ನಿಂತಿದೆ ಎಂದರೆ ಪ್ರಕಟಿಸುವ ಕ್ರಮದಲ್ಲೇ ಎಲ್ಲೋ ಕೊರತೆಯಿದೆ. ಸರ್ಕಾರ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ, ಉಳಿದರ್ಧಕ್ಕೆ ಸಣ್ಣ ವ್ಯಾಪಾರಿ ದುಡ್ಡು ಕೊಡುತ್ತಿದ್ದಾನೆ.

ಬೇರೆ ದೇಶಗಳೂ ಇದೇ ಗೊಂದಲ ಅನುಭವಿಸಿವೆ. ಬ್ರಿಟನ್‌ನಲ್ಲಿ ದೊಡ್ಡ ಮೊತ್ತದ ಟೆಂಡರ್‌ಗಳು ಐರೋಪ್ಯ ಒಕ್ಕೂಟದ ಜಾಲತಾಣದಲ್ಲಿ, ಸಣ್ಣವು ದೇಶದ ಬೇರೊಂದು ತಾಣದಲ್ಲಿ ಬರುತ್ತಿದ್ದವು. ಸ್ಕಾಟ್ಲೆಂಡ್‌ಗೂ ವೇಲ್ಸ್‌ಗೂ ತಮ್ಮದೇ ತಾಣಗಳಿದ್ದವು. ಒಕ್ಕೂಟ ಬಿಟ್ಟ ಮೇಲೆ 2021ರ ಆರಂಭದಿಂದ ‘ಫೈಂಡ್ ಎ ಟೆಂಡರ್’ ಎಂಬ ಹೊಸ ತಾಣ ಬಂತು. 2025ರ ಫೆಬ್ರುವರಿಯಲ್ಲಿ ಹೊಸ ಖರೀದಿ ಕಾಯ್ದೆ ಜಾರಿಯಾದಾಗ ಅದನ್ನೇ ಕೇಂದ್ರ ವೇದಿಕೆಯನ್ನಾಗಿ ಬೆಳೆಸಿದರು. ದಕ್ಷಿಣ ಕೊರಿಯಾ ಇನ್ನೂ ಮೊದಲೇ, 2002ರಲ್ಲೇ, ಎಲ್ಲ ಹಂತದ ಸರ್ಕಾರಗಳಿಗೂ ಒಂದೇ ಕಿಟಕಿ ತೆರೆದಿತ್ತು. ಭಾರತದಂಥ ಒಕ್ಕೂಟ ವ್ಯವಸ್ಥೆಯಲ್ಲಿ ಒಂದೇ ಖರೀದಿ ತಂತ್ರಾಂಶ ಹೇರುವುದು ಸುಲಭವಲ್ಲ, ಬೇಕಾಗಿಯೂ ಇಲ್ಲ. ಖರೀದಿ ಎಲ್ಲಿ ಬೇಕಾದರೂ ನಡೆಯಲಿ, ಪ್ರಕಟಣೆಗಳು ಮಾತ್ರ ಒಂದು ಕಡೆ ಬಂದು ಸೇರಬೇಕು. ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದಲೇ ಚರ್ಚೆ ಮುಂದೆ ಹೋಗುತ್ತಿಲ್ಲ.

ಪತ್ರಿಕೆಗೆ ಕೊಡಬೇಕೇ, ಬೇಡವೇ?

ಜಗಳ ಬಿಸಿಯಾಗುವುದು ಇಲ್ಲಿ. ಅಧಿಕಾರಿಗಳ ವಾದದಲ್ಲಿ ಹುರುಳಿದೆ. ಹತ್ತು ಲಕ್ಷದ ಚರಂಡಿ ಕಾಮಗಾರಿಗೆ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರೆ ಆ ಖರ್ಚು ಯಾವ ಲೆಕ್ಕ ಶೀರ್ಷಿಕೆಗೆ ಬೀಳಬೇಕು? ಪತ್ರಿಕೆಯಲ್ಲಿ ಒಂದು ದಿನಾಂಕ, ಪೋರ್ಟಲ್‌ನಲ್ಲಿ ಇನ್ನೊಂದು ದಿನಾಂಕ ಬಂದರೆ ಸೋತ ಬಿಡ್‌ದಾರ ಅದನ್ನೇ ಹಿಡಿದು ಮೇಲ್ಮನವಿಗೆ ಹೋಗುತ್ತಾನೆ. ಅಲ್ಲದೆ ಬಿಡ್ ಸಲ್ಲಿಸಬೇಕಾದದ್ದು ಪೋರ್ಟಲ್‌ನಲ್ಲೇ, ಡಿಜಿಟಲ್ ಸಹಿಯೊಂದಿಗೆ. ಅಲ್ಲಿಗೆ ಬರಲಾಗದವನಿಗೆ ಪತ್ರಿಕೆಯಲ್ಲಿ ಓದಿ ಏನು ಪ್ರಯೋಜನ?

ಪತ್ರಿಕೆಗಳವರ ವಾದ ಬೇರೆ. ಜಿಲ್ಲಾ ಪತ್ರಿಕೆಯನ್ನು ಊರಿನವರು ಓದುತ್ತಾರೆ, ಪೋರ್ಟಲ್ ಅನ್ನು ಯಾರೂ ಓದುವುದಿಲ್ಲ ಎಂಬುದು ಅದರ ಒಂದು ಮುಖ. ಇನ್ನೊಂದು ಮುಖವನ್ನು ಅವರು ಅಷ್ಟು ಜೋರಾಗಿ ಹೇಳುವುದಿಲ್ಲ: ಸಣ್ಣ ಪತ್ರಿಕೆಗಳ ಆದಾಯದಲ್ಲಿ ಟೆಂಡರ್ ಜಾಹೀರಾತಿನ ಪಾಲು ದೊಡ್ಡದು. ಜಾಹೀರಾತು ಯಾವ ಪತ್ರಿಕೆಗೆ ಎಂಬ ಆಯ್ಕೆ ಇಲಾಖೆಯ ಕೈಯಲ್ಲಿರುವವರೆಗೆ ಅದು ಪತ್ರಿಕೆಯ ದನಿಯನ್ನು ತಗ್ಗಿಸುವ ಹಗ್ಗವೂ ಹೌದು. ಓದುಗರೇ ಇಲ್ಲದ ಪತ್ರಿಕೆಗೆ ಪ್ರಕಟಣೆ ಕೊಟ್ಟು ನಿಯಮ ಪೂರೈಸಿದೆವು ಎನ್ನುವುದೂ ಸಾಧ್ಯ. ಸ್ಲೊವಾಕಿಯಾದ ನೋಟಿಸ್ ಬೋರ್ಡ್ ಮುದ್ರಣ ರೂಪದಲ್ಲೂ ಇರಬಹುದು.

ಈಗಿನ ರೂಢಿ ಎರಡರ ನಡುವಿನದು. ಪತ್ರಿಕೆಯಲ್ಲಿ ಚಿಕ್ಕ ಚೌಕ, ಅದರ ಕೊನೆಯಲ್ಲಿ ‘ವಿವರಗಳಿಗೆ ಜಾಲತಾಣ ನೋಡಿ, ತಿದ್ದುಪಡಿಗಳಿದ್ದಲ್ಲಿ ಅಲ್ಲಿ ಮಾತ್ರ ಪ್ರಕಟಿಸಲಾಗುವುದು’ ಎಂಬ ಸಾಲು. ಈ ಸಾಲಿನ ಪರಿಣಾಮ ಸಣ್ಣದಲ್ಲ. ಪತ್ರಿಕೆ ಓದಿದವನಿಗೆ ಟೆಂಡರ್ ಇದೆ ಎಂದು ಗೊತ್ತಾಗುತ್ತದೆ. ಅದರ ಅರ್ಹತೆಯ ಷರತ್ತು ವಾರದ ನಂತರ ಬದಲಾದದ್ದು ಗೊತ್ತಾಗುವುದಿಲ್ಲ. ಷರತ್ತು ಬದಲಾಯಿಸುವ ತಿದ್ದುಪಡಿಗಳೇ ಅನೇಕ ಟೆಂಡರ್‌ಗಳ ಗತಿಯನ್ನು ನಿರ್ಧರಿಸುತ್ತವೆ.

ಬಿಡ್‌ದಾರ ಒಬ್ಬ, ಕಾವಲುಗಾರ ಇನ್ನೊಬ್ಬ

ಎರಡೂ ಪಕ್ಷದವರು ಒಂದು ಸಂಗತಿಯನ್ನು ಬೆರೆಸಿಬಿಡುತ್ತಾರೆ. ಟೆಂಡರ್ ಪ್ರಕಟಣೆಗೆ ಎರಡು ಬಗೆಯ ಓದುಗರಿದ್ದಾರೆ. ಒಬ್ಬ ಕೆಲಸ ಬೇಕಾದವನು. ಅವನಿಗೆ ಪೋರ್ಟಲ್ ಒಳ್ಳೆಯದೇ ಮಾಡಿದೆ. ಹಿಂದೆ ಟೆಂಡರ್ ಫಾರಂ ಕೊಳ್ಳಲು ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಹೋಗಬೇಕಿತ್ತು. ಫಾರಂ ಕೊಂಡವರು ಯಾರೆಂದು ಎಲ್ಲರಿಗೂ ತಿಳಿಯುತ್ತಿತ್ತು, ಪೆಟ್ಟಿಗೆಗೆ ಲಕೋಟೆ ಹಾಕಲು ಬಂದವನನ್ನು ಬಾಗಿಲಲ್ಲೇ ತಡೆಯುವವರೂ ಇರುತ್ತಿದ್ದರು. ಆನ್‌ಲೈನ್ ಬಿಡ್ ಆ ದೌರ್ಜನ್ಯಕ್ಕೆ ಕಡಿವಾಣ ಹಾಕಿತು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಟೆಂಡರ್‌ಗಳು ಆನ್‌ಲೈನ್‌ಗೆ ಬಂದಾಗ ಏನಾಯಿತೆಂದು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಹೊಂದುತ್ತದೆ. ದರ ಇಳಿಯಲಿಲ್ಲ, ಆದರೆ ಹೊರಗಿನ ಪ್ರದೇಶದ ಗುತ್ತಿಗೆದಾರರು ಗೆಲ್ಲುವುದು ಹೆಚ್ಚಿತು, ರಸ್ತೆಗಳ ಗುಣಮಟ್ಟ ಸುಧಾರಿಸಿತು. ದರ ಇಳಿಯುತ್ತದೆ ಎಂಬ ಭರವಸೆಯ ಮೇಲೆಯೇ ಪೋರ್ಟಲ್‌ಗಳನ್ನು ಮಾರಿದವರು ಈ ಫಲಿತಾಂಶವನ್ನು ಎರಡು ಸಲ ಓದಬೇಕು.

ಎರಡನೆಯ ಓದುಗನಿಗೆ ಕೆಲಸ ಬೇಕಿಲ್ಲ. ತನ್ನ ಬೀದಿಯಲ್ಲಿ ಯಾವ ಕೆಲಸ, ಎಷ್ಟು ಹಣಕ್ಕೆ, ಯಾರಿಂದ ನಡೆಯಲಿದೆ ಎಂದು ತಿಳಿದರೆ ಅವನಿಗೆ ಸಾಕು. ಗ್ರಾಮ ಪಂಚಾಯಿತಿ ಸದಸ್ಯ, ಸ್ಥಳೀಯ ವರದಿಗಾರ, ಮಾಹಿತಿ ಹಕ್ಕಿನ ಅರ್ಜಿ ಹಾಕುವವ, ಟೀ ಅಂಗಡಿಯಲ್ಲಿ ಪತ್ರಿಕೆ ಓದುವ ನಿವೃತ್ತ ಶಿಕ್ಷಕ, ಎಲ್ಲರೂ ಈ ಗುಂಪಿನವರು. ಕಳೆದ ವರ್ಷವಷ್ಟೇ ಡಾಂಬರು ಕಂಡ ರಸ್ತೆಗೆ ಮತ್ತೆ ಡಾಂಬರಿನ ಟೆಂಡರ್ ಬಂದರೆ ಮೊದಲು ಹುಬ್ಬೇರಿಸುವವರು ಇವರೇ. ಇವರು ಪೋರ್ಟಲ್‌ಗೆ ಹೋಗುವುದಿಲ್ಲ. ಹೋದರೂ ಟೆಂಡರ್ ಸಂಖ್ಯೆ ಅಥವಾ ಇಲಾಖೆಯ ಹೆಸರು ಗೊತ್ತಿದ್ದರೆ ಮಾತ್ರ ಹುಡುಕಾಟ ಫಲಿಸುತ್ತದೆ; ತೆರೆದ ದಾಖಲೆಗಳು ಬಹುಪಾಲು ಇಂಗ್ಲಿಷಿನವು, ನೂರು ಪುಟ ದಾಟುವಂಥವು. ಪತ್ರಿಕೆಯ ಆ ಕೊಳಕು ಪುಟ್ಟ ಚೌಕ ಇವರ ಕಣ್ಣಿಗೆ ಅಕಸ್ಮಾತ್ತಾಗಿ ಬೀಳುತ್ತಿತ್ತು. ಹುಡುಕದೆಯೇ ಕಾಣುವ ಆ ಗುಣ ಪೋರ್ಟಲ್‌ಗೆ ತಾನಾಗಿ ಬರುವುದಿಲ್ಲ.

ಆದ್ದರಿಂದ ‘ಎಲ್ಲವೂ ಆನ್‌ಲೈನ್ ಇದೆಯಲ್ಲ’ ಎಂಬ ಉತ್ತರ ಮೊದಲ ಓದುಗನಿಗೆ ಸಲ್ಲುತ್ತದೆ, ಎರಡನೆಯವನಿಗೆ ಸಲ್ಲುವುದಿಲ್ಲ.

ಏಳು ದಿನದ ಆಟ

ಜಾಗದಷ್ಟೇ ಮುಖ್ಯವಾದದ್ದು ಅವಧಿ. 2000ದಲ್ಲಿ ರೂಪಿಸಿದ ಕೆಟಿಪಿಪಿ ನಿಯಮಗಳು 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗೆ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಎಂದು ನಿಗದಿ ಮಾಡಿದ್ದವು. ಜೊತೆಗೇ ಒಂದು ಕಿಟಕಿಯನ್ನೂ ಬಿಟ್ಟಿದ್ದವು: ಮೇಲಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅವಧಿ ಕಡಿಮೆ ಮಾಡಬಹುದು. ಅಲ್ಪಾವಧಿ ಟೆಂಡರ್ ಹುಟ್ಟುವುದು ಈ ಕಿಟಕಿಯಲ್ಲಿ. ಅನುದಾನ ಮಾರ್ಚ್ 31ಕ್ಕೆ ವಾಪಸ್ಸಾಗುತ್ತದೆ ಎಂಬ ಕಾರಣ ಪ್ರತಿ ವರ್ಷವೂ ಸಿದ್ಧವಿರುತ್ತದೆ. ಏಳು ದಿನದ ಟೆಂಡರಿನಲ್ಲಿ ಎರಡು ದಿನ ರಜೆ ಬಂದರೆ ಮೊದಲೇ ಸುಳಿವು ಸಿಕ್ಕವನು ಮಾತ್ರ ಇಎಂಡಿ (ಬಿಡ್ ಜೊತೆ ಇಡಬೇಕಾದ ಠೇವಣಿ) ಹೊಂದಿಸಿ, ದಾಖಲೆ ಸೇರಿಸಿ ಬಿಡ್ ಹಾಕಬಲ್ಲ.

ಅವಧಿಯನ್ನು ಹಿಂಡಿದರೆ ಪ್ರಕಟಣೆ ಎಷ್ಟು ನಿರರ್ಥಕವಾಗುತ್ತದೆ ಎಂಬುದಕ್ಕೆ ದೇಶ ಕಂಡ ಅತಿರೇಕ 2ಜಿ ತರಂಗಾಂತರದ್ದು. ಅದು ಖರೀದಿಯಲ್ಲ, ಹಂಚಿಕೆ. ಆದರೂ ತರ್ಕ ಒಂದೇ. 2008ರ ಜನವರಿ 10ರಂದು ಮಧ್ಯಾಹ್ನ 2.45ಕ್ಕೆ ದೂರಸಂಪರ್ಕ ಇಲಾಖೆ ತನ್ನ ಜಾಲತಾಣದಲ್ಲಿ ಪ್ರಕಟಣೆ ಹಾಕಿ, ಅರ್ಜಿದಾರರು 3.30ರಿಂದ 4.30ರೊಳಗೆ ಬಂದು ಪರವಾನಗಿಯ ಆಶಯ ಪತ್ರ ಪಡೆಯಬೇಕೆಂದಿತು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿತು. ಸರಿಯಾದ ಪ್ರಚಾರ ಕೊಟ್ಟು ನ್ಯಾಯಯುತವಾಗಿ ನಡೆಸುವ ಹರಾಜೇ ಬಹುಶಃ ಅತ್ಯುತ್ತಮ ಕ್ರಮ ಎಂದೂ ಹೇಳಿತು.

ಪ್ರಕಟಣೆಯೇ ಬೇಡದ ದಾರಿ

ಈ ಚರ್ಚೆಯೆಲ್ಲ ಟೆಂಡರ್ ಕರೆದರೆ ತಾನೆ? ಕಾಯ್ದೆಯ 4ನೇ ಕಲಂ ವಿನಾಯಿತಿಗಳ ಪಟ್ಟಿ. ಪ್ರಕೃತಿ ವಿಕೋಪದಂಥ ತುರ್ತು, ಒಬ್ಬನೇ ಪೂರೈಕೆದಾರನಿರುವ ವಸ್ತು, ನಿಗದಿತ ಮೊತ್ತಕ್ಕಿಂತ ಸಣ್ಣ ಖರೀದಿ, ಇವುಗಳಿಗೆ ಟೆಂಡರ್ ಬೇಡ. ಇವು ಅರ್ಥವಾಗುವಂಥವೇ, ದೊಡ್ಡ ಕೆಲಸವನ್ನು ತುಂಡು ಮಾಡಿ ಸಣ್ಣ ಮೊತ್ತದೊಳಗೆ ತೂರಿಸದಿದ್ದರೆ. ಆದರೆ 4(ಜಿ) ಬೇರೆ ಜಾತಿಯದು. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ನಿರ್ದಿಷ್ಟ ಖರೀದಿಯನ್ನು ಟೆಂಡರ್‌ನಿಂದ ಹೊರಗಿಡಬಹುದು. ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರಗಳಂಥ ಸರ್ಕಾರಿ ಬೆಂಬಲದ ನಿರ್ಮಾಣ ಸಂಸ್ಥೆಗಳಿಗೆ ನೇರವಾಗಿ ಕಾಮಗಾರಿ ವಹಿಸುವ ಸುದ್ದಿಗಳು ಬಂದಾಗ ವಿವಾದ ಏಳುವುದು ಇಂಥ ವಿನಾಯಿತಿಗಳ ಸುತ್ತ. ಆಡಳಿತದಲ್ಲಿದ್ದಾಗ ಅನಿವಾರ್ಯ ಎನ್ನುವ ಪಕ್ಷ ವಿರೋಧ ಪಕ್ಷದಲ್ಲಿ ಕೂತಾಗ ಅದನ್ನೇ ಹಗರಣ ಎನ್ನುತ್ತದೆ. ಈ ಪಾತ್ರ ಬದಲಾವಣೆಯನ್ನು ರಾಜ್ಯ ಬಹಳ ಸಲ ನೋಡಿದೆ.

ವಿನಾಯಿತಿ ಗುಟ್ಟಲ್ಲ, ರಾಜ್ಯಪತ್ರದ ಅಧಿಸೂಚನೆಯ ಮೂಲಕವೇ ಬರುತ್ತದೆ. ಆದರೆ ಟೆಂಡರ್‌ಗಳು ಒಂದು ಕಡೆ, ಟೆಂಡರ್ ಬೇಡವೆಂದ ಆದೇಶಗಳು ಇನ್ನೊಂದು ಕಡೆ ಇರುವುದರಿಂದ ಒಂದು ಇಲಾಖೆ ವರ್ಷದಲ್ಲಿ ಎಷ್ಟು ಹಣವನ್ನು ಪೈಪೋಟಿಯಿಲ್ಲದೆ ಖರ್ಚು ಮಾಡಿತು ಎಂದು ಕೂಡಿಸಿ ನೋಡುವುದು ಸಾಮಾನ್ಯರಿಗೆ ಆಗದ ಮಾತು. ವಿನಾಯಿತಿಯ ಆದೇಶ, ಅದರ ಕಾರಣ, ಮೊತ್ತ ಮತ್ತು ಕೆಲಸ ಪಡೆದ ಸಂಸ್ಥೆಯ ಹೆಸರು ಟೆಂಡರ್‌ಗಳ ಪಕ್ಕದಲ್ಲೇ ಕೆಪಿಪಿಪಿಯಲ್ಲಿ ಕಂಡರೆ ಲೆಕ್ಕ ತಾನಾಗಿ ಹೊರಬರುತ್ತದೆ. ಬಹುಶಃ ಅದಕ್ಕೇ ಅದು ಕಾಣುತ್ತಿಲ್ಲ.

ಏನು ಬದಲಾದರೆ ಏನಾಗುತ್ತದೆ?

ಕಾನೂನಿನ ದೃಷ್ಟಿಯಲ್ಲಿ ಲೆಕ್ಕಕ್ಕೆ ಬರುವ ಜಾಗ ಒಂದೇ ಇರಬೇಕು. ಪೋರ್ಟಲ್‌ನಲ್ಲಿ ಪೂರ್ಣ ದಾಖಲೆ ಬಂದ ಕ್ಷಣದಿಂದ ಅವಧಿ ಎಣಿಕೆಯಾಗಲಿ. ಅಲ್ಲಿ ಬಾರದ ಟೆಂಡರ್ ಟೆಂಡರೇ ಅಲ್ಲ ಎಂದಾಗಲಿ. ನೋಟಿಸ್ ಬೋರ್ಡ್ ಹಗರಣ ಕಂಡ ಸ್ಲೊವಾಕಿಯಾ 2011ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸರ್ಕಾರಿ ಒಪ್ಪಂದ ಅಂತರ್ಜಾಲದ ಕೇಂದ್ರ ದಾಖಲೆಯಲ್ಲಿ ಪ್ರಕಟವಾಗುವವರೆಗೆ ಅಲ್ಲಿ ಜಾರಿಗೇ ಬರುವುದಿಲ್ಲ. ಪ್ರಕಟಿಸುವ ಆತುರ ಆಗ ಗುತ್ತಿಗೆದಾರನದೂ ಆಗುತ್ತದೆ, ಏಕೆಂದರೆ ಅಲ್ಲಿಯವರೆಗೆ ಅವನ ಬಿಲ್ ಹೊರಡುವುದಿಲ್ಲ. ಅಧಿಕಾರಿಗೆ ದಂಡ ವಿಧಿಸುವ ಹತ್ತು ಸುತ್ತೋಲೆಗಳಿಗಿಂತ ಇದು ಕೆಲಸ ಮಾಡುವ ಕ್ರಮ.

ಒಂದೇ ಜಾಗಕ್ಕೆ ಅಪಾಯವೂ ಇದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಹೆಚ್ಚಿನ ಇಎಂಡಿ ಹಣ ದೋಚಿದ ಪ್ರಕರಣ ಇನ್ನೂ ನೆನಪಿನಲ್ಲಿದೆ. ಕೊನೆಯ ದಿನ ಸರ್ವರ್ ಕೈಕೊಟ್ಟರೆ ಗಡುವು ತಾನಾಗಿ ಮುಂದಕ್ಕೆ ಹೋಗಬೇಕು, ಅಧಿಕಾರಿಯ ಇಚ್ಛೆಯ ಮೇಲೆ ಹೋಗಬಾರದು. ಪ್ರಕಟಣೆಗಳ ದತ್ತಾಂಶ ಯಾರು ಬೇಕಾದರೂ ನಕಲು ಮಾಡಿಕೊಳ್ಳುವ ರೂಪದಲ್ಲಿ ಹೊರಗಿದ್ದರೆ ಒಂದು ತಾಣ ಕುಸಿದರೂ ಮಾಹಿತಿ ಉಳಿಯುತ್ತದೆ, ಹಳೆಯದನ್ನು ಸದ್ದಿಲ್ಲದೆ ತಿದ್ದುವುದೂ ಕಷ್ಟವಾಗುತ್ತದೆ.

ಸಣ್ಣ ಗುತ್ತಿಗೆದಾರರ ವಿಷಯದಲ್ಲಿ ಸರ್ಕಾರದ ಬಳಿ ಬೇಕಾದದ್ದೆಲ್ಲ ಈಗಾಗಲೇ ಇದೆ. ಗುತ್ತಿಗೆದಾರನ ದರ್ಜೆ, ವರ್ಗ, ಮೊಬೈಲ್ ಸಂಖ್ಯೆ ಎಲ್ಲವೂ ಅವನ ನೋಂದಣಿಯಲ್ಲೇ ಇರುತ್ತವೆ. ತನ್ನ ತಾಲ್ಲೂಕಿನಲ್ಲಿ ತನ್ನ ವರ್ಗಕ್ಕೆ ಮೀಸಲಾದ ಕಾಮಗಾರಿ ಬಂದ ದಿನವೇ ಅವನಿಗೆ ಕನ್ನಡದಲ್ಲಿ ಸಂದೇಶ ಹೋಗಬೇಕು, ತಿದ್ದುಪಡಿಯಾದರೆ ಮತ್ತೊಂದು. ಇದಕ್ಕೆ ರಾಷ್ಟ್ರಪತಿಯವರ ಅಂಕಿತ ಬೇಡ, ವಿಧಾನಮಂಡಲದ ಅಧಿವೇಶನವೂ ಬೇಡ. ಇಲಾಖೆಯ ಒಂದು ಆದೇಶ ಸಾಕು.

ಇನ್ನು ಪತ್ರಿಕೆ. ಪ್ರತಿ ಟೆಂಡರಿಗೂ ಬೇರೆ ಚೌಕದ ಬದಲು ವಾರಕ್ಕೊಮ್ಮೆ ಜಿಲ್ಲೆಯ ಎಲ್ಲ ಟೆಂಡರ್‌ಗಳ ಒಂದು ಪಟ್ಟಿ ಬರಬಹುದು: ಕೆಲಸ, ಊರು, ಅಂದಾಜು ಮೊತ್ತ, ಕೊನೆಯ ದಿನ, ಜೊತೆಗೆ ಹಿಂದಿನ ವಾರ ಯಾರಿಗೆ ಏನು ಸಿಕ್ಕಿತು ಎಂಬುದು. ಪಂಚಾಯಿತಿ ಕಚೇರಿಯ ಗೋಡೆಗೂ ಅದೇ ಪಟ್ಟಿ. ಖರ್ಚು ಇಳಿಯುತ್ತದೆ, ಎರಡನೆಯ ಓದುಗನಿಗೆ ಬೇಕಾದದ್ದು ಇನ್ನೂ ಚೆನ್ನಾಗಿ ಸಿಗುತ್ತದೆ. ಆದರೆ ಸಣ್ಣ ಪತ್ರಿಕೆಗಳ ಆದಾಯಕ್ಕೆ ಪೆಟ್ಟು ಬೀಳುವುದು ಖಚಿತ, ಕೆಲವು ಮುಚ್ಚಲೂಬಹುದು. ಜಿಲ್ಲಾ ಪತ್ರಿಕೋದ್ಯಮಕ್ಕೆ ಸಾರ್ವಜನಿಕ ಹಣದ ಆಸರೆ ಬೇಕೆಂದು ಸರ್ಕಾರಕ್ಕೆ ಅನ್ನಿಸಿದರೆ ಅದನ್ನು ಬಜೆಟ್‌ನಲ್ಲಿ ಆ ಹೆಸರಿನಲ್ಲೇ ತೋರಿಸಿ, ಪ್ರಸಾರ ಸಂಖ್ಯೆಯ ಅಳತೆಗೋಲಿನಲ್ಲಿ ಹಂಚಬೇಕು. ಚರಂಡಿ ಕಾಮಗಾರಿಯ ಅಂದಾಜು ಪಟ್ಟಿಯೊಳಗೆ ಅದನ್ನು ಅಡಗಿಸುವುದು ಪತ್ರಿಕೆಗೂ ಶೋಭೆಯಲ್ಲ, ಚರಂಡಿಗೂ ಲಾಭವಿಲ್ಲ.